ಮಂದ್ರದಲ್ಲಿ ಸುಮ್ಮನಿದ್ದ ವಯೋಲಾ: ಧಾರವಾಡದ ಒಬ್ಬ ವಾದಕಿ, ಶಿಕ್ಷಕಿಯ ಪ್ರಕರಣ

ಇದು ಧಾರವಾಡದಲ್ಲಿರುವ ಒಬ್ಬ ವಯೋಲಾ ವಾದಕಿಯ ಪ್ರಕರಣ. ವಯೋಲಾ ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ತಗ್ಗಿನ ದನಿಯ ಕಮಾನಿನ ವಾದ್ಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ಇಸವಿಗಳನ್ನು, ಮನೆಯ ವಿವರಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಶಿಷ್ಯರು ಅವರನ್ನು ‘ಅಕ್ಕೋರು’ ಅಂತಾರೆ, ಇಲ್ಲೂ ಹಾಗೇ ಇರಲಿ.

ನಾನು ಪೇಟಿ (ಹಾರ್ಮೋನಿಯಂ) ನುಡಿಸುವವನು. ಎಷ್ಟೋ ಸಲ ಅಕ್ಕೋರಿಗೆ ಸಿಗಬೇಕಿದ್ದ ಕಾರ್ಯಕ್ರಮ ನನಗೆ ಸಿಕ್ಕಿದೆ. ಹಾಗಾಗಿ ಈ ಪ್ರಕರಣವನ್ನು ನಾನು ದೂರದಿಂದ ನೋಡಿದವನಲ್ಲ. ‘ವಯೋಲಾ ಹಿಡಿದರೆ ಹೊಟ್ಟೆ ತುಂಬುತ್ತಾ ಸರ್?’ ಅಂತ ಇತ್ತೀಚೆಗೆ ಇಬ್ಬರು ಹುಡುಗರು ಕೇಳಿದರು. ಅವರಿಗೆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಕೂತು ಬರೆದೆ.

ಹಿನ್ನೆಲೆ

ಅಕ್ಕೋರು ಹುಟ್ಟಿದ್ದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ತಂದೆ ಗುಡಿಯ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದರು. ಮಗಳಿಗೆ ಹತ್ತು ವರ್ಷವಾದಾಗ ಗದಗಿನ ಸೋದರಮಾವನ ಮನೆಯಲ್ಲಿ ಬಿಟ್ಟರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಅದು. ಓಣಿಯಲ್ಲಿ ವಿಚಾರಿಸಿದರೆ ಸಾಕು, ಒಬ್ಬರಲ್ಲ ಒಬ್ಬರು ಸಂಗೀತದ ಮಾಸ್ತರು ಸಿಗುತ್ತಿದ್ದರು. ಪುಟ್ಟರಾಜರು ಸ್ವತಃ ಹಾಡುತ್ತಿದ್ದರು, ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸುತ್ತಿದ್ದರು. ಹಾಗಾಗಿ ಪಿಟೀಲು ಆ ಊರಿಗೆ ಪರಕೀಯ ಅನಿಸುತ್ತಿರಲಿಲ್ಲ.

ಅಕ್ಕೋರ ಮಾಸ್ತರು ಮೊದಲ ವರ್ಷ ವಾದ್ಯ ಮುಟ್ಟಿಸಲೇ ಇಲ್ಲ. ಬರೀ ಹಾಡಿಸಿದರು. ‘ಬಾಯಾಗ ಬಂದಿದ್ದಷ್ಟ ಬೆರಳಾಗ ಬರ್ತೈತಿ’ ಅನ್ನುತ್ತಿದ್ದರಂತೆ. ಈ ಮಾತು ಮುಂದೆ ಮತ್ತೆ ಬರುತ್ತದೆ, ಆಗ ಅದರ ಬೆಲೆ ಗೊತ್ತಾಗುತ್ತದೆ.

ಮುಂದೆ ಧಾರವಾಡಕ್ಕೆ ಬಂದು ಸಂಗೀತದಲ್ಲಿ ಪದವಿ ಮಾಡಿದರು. ಆಕಾಶವಾಣಿಯ ಆಡಿಶನ್ ಪಾಸಾಯಿತು. ಮದುವೆಯಾಗಿ ಇಲ್ಲೇ ಉಳಿದರು. ಮೂವತ್ತರ ಹೊತ್ತಿಗೆ ಅವರು ಒಳ್ಳೆಯ ಪಿಟೀಲು ವಾದಕಿ, ಆದರೆ ತಿಂಗಳಿಗೆ ಒಂದು ಕಾರ್ಯಕ್ರಮವೂ ಇಲ್ಲ.

ಯಾಕೆ ಹೀಗೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಕಾಶವಾಣಿ 1940ರಲ್ಲಿ ಪೇಟಿಯನ್ನು ನಿಷೇಧಿಸಿತ್ತು. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರದ, ಸ್ವರ ಅಲುಗದ ವಾದ್ಯ ನಮ್ಮ ಸಂಗೀತಕ್ಕೆ ಸಲ್ಲದು ಅನ್ನುವ ವಾದ ಆಗ ಜೋರಾಗಿತ್ತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಂದರೆ ಮೊದಲ ಇಪ್ಪತ್ತು ವರ್ಷ ರೇಡಿಯೋದಲ್ಲಿ ಗಾಯಕರ ಪಕ್ಕ ನುಡಿಸುವ ಸಾಥ್‌ಗೆ ಸಾರಂಗಿಯೋ ಪಿಟೀಲೋ ಬೇಕೇ ಬೇಕಿತ್ತು. ಅಕ್ಕೋರ ಮಾಸ್ತರು ಆ ಕಾಲದವರು. ‘ಕಲಿ, ಕೆಲಸ ಸಿಗ್ತೈತಿ’ ಅಂತ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಶಿಷ್ಯೆ ವೇದಿಕೆಗೆ ಬರುವ ಹೊತ್ತಿಗೆ ಹಿಂದೂಸ್ತಾನಿ ಖಯಾಲ್ ಹಾಡುವವರ ಪಕ್ಕದ ಜಾಗ ಪೂರಾ ನಮ್ಮ ಪೇಟಿಯವರದ್ದಾಗಿತ್ತು.

ಸಮಸ್ಯೆ

ಹಾಗಿದ್ದೂ ಒಬ್ಬ ಹಿರಿಯ ಗಾಯಕರು ಅಕ್ಕೋರನ್ನು ಕರೆಯುತ್ತಿದ್ದರು. ಅವರಿಗೆ ಕಮಾನಿನ ವಾದ್ಯವೇ ಇಷ್ಟ. ಅವರ ಶ್ರುತಿ ಪೇಟಿಯ ಮೊದಲ ಕರಿ ಮನೆ, ಅಂದರೆ ಕಾಳಿ ಒಂದು, ಗಂಡಸರು ಜಾಸ್ತಿ ಹಾಡುವ ಶ್ರುತಿಗಳಲ್ಲಿ ಒಂದು. ತೊಂದರೆ ಅಲ್ಲೇ ಇತ್ತು.

ಪೇಟಿ ಗೊತ್ತಿದ್ದವರಿಗೆ ಇದು ಸುಲಭ, ಮನೆ (ಕರಿ, ಬಿಳಿ ಎರಡೂ ಸೇರಿ ಒಂದೊಂದು ಕೀಲಿ) ಎಣಿಸಿ ನೋಡಿ. ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ. ಇವನ್ನು ನಾವು ಸಾ-ಪ-ಸಾ-ಪ ಮಾಡಿಕೊಳ್ಳಬೇಕು. ಕಾಳಿ ಒಂದು ಅಂದರೆ ಸಿ ಶಾರ್ಪ್. ಅಲ್ಲಿಗೆ ಇಳಿಸಬೇಕಾದರೆ ಕೆಳಗಿನ ಎರಡು ತಂತಿಗಳನ್ನು ಆರು ಮನೆ, ಮೇಲಿನ ಎರಡನ್ನು ಎಂಟು ಮನೆ ಸಡಿಲಿಸಬೇಕು. ಅಷ್ಟು ಸಡಿಲಾದ ತಂತಿ ಕಮಾನಿನ ಕೆಳಗೆ ಹಗ್ಗದ ಹಾಗೆ ತೂಗುತ್ತದೆ. ಸ್ವಲ್ಪ ಒತ್ತಿದರೆ ಶ್ರುತಿ ಏರುತ್ತದೆ, ಹಗುರ ಮಾಡಿದರೆ ದನಿಯೇ ಬರದು.

ಅಕ್ಕೋರು ಮೊದಲು ದಪ್ಪ ತಂತಿ ಹಾಕಿ ನೋಡಿದರು. ಕೊಂಚ ಸುಧಾರಿಸಿತು, ಆದರೆ ಪಿಟೀಲಿನ ಸಣ್ಣ ಡಬ್ಬಿಯಿಂದ ಆ ದಪ್ಪ ದನಿ ಹೊರಡಲಿಲ್ಲ. ಆಮೇಲೆ ತಂತಿ ಇಳಿಸುವುದನ್ನೇ ಬಿಟ್ಟು ಒಂದು ಸಪ್ತಕ ಮೇಲೆ ನುಡಿಸಿದರು. ಸ್ವರ ಸರಿ ಇತ್ತು. ಆದರೆ ಗಾಯಕರ ತಲೆಯ ಮೇಲೆ ಇನ್ನೊಬ್ಬರು ಹಾಡಿದ ಹಾಗೆ ಕೇಳುತ್ತಿತ್ತು. ಒಂದು ದಿನ ಕಾರ್ಯಕ್ರಮ ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: ‘ಅಕ್ಕೋರ, ತಪ್ಪು ತಿಳ್ಕೋಬ್ಯಾಡ್ರಿ. ನಾ ನೆಲದ ಮ್ಯಾಲೆ ನಡೀತಿರ್ತೇನಿ, ನೀವು ಮಾಳಿಗಿ ಮ್ಯಾಲೆ ನಡೀತೀರಿ.’

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ನಾನಂತೂ ಬಿಡುತ್ತಿದ್ದೆ.

ಏನೇನು ಮಾಡಿದರು

2011ರಲ್ಲಿ ಅಕ್ಕೋರ ಕೈಗೆ ಮುಂಬಯಿಯಿಂದ ಒಂದು ಹಳೇ ವಯೋಲಾ ಬಂತು. ಒಂದು ಕಾಲದಲ್ಲಿ ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗೋವಾ ಕಡೆಯ ವಾದಕರು ಬಹಳ ಜನ ಇದ್ದರು. ಸಿಂಥಸೈಜರ್ ಬಂದ ಮೇಲೆ ಅವರ ಕೆಲಸ ಕಮ್ಮಿಯಾಯಿತು. ಅಂಥ ಒಂದು ಮನೆಯಲ್ಲಿ ಕಪಾಟಿನ ಮೇಲೆ ಬಿದ್ದಿದ್ದ ವಾದ್ಯ ಇದು.

ವಯೋಲಾ ನೋಡಲು ಪಿಟೀಲಿನ ಅಣ್ಣನ ಹಾಗೆ. ತಂತಿಗಳು ಸಿ, ಜಿ, ಡಿ, ಎ. ಈಗ ಇದನ್ನು ಕಾಳಿ ಒಂದಕ್ಕೆ ಸೇರಿಸಿ ನೋಡಿ. ಕೆಳಗಿನ ಎರಡು ತಂತಿಗಳನ್ನು ಒಂದೊಂದು ಮನೆ ಏರಿಸಿ, ಮೇಲಿನ ಎರಡನ್ನು ಒಂದೊಂದು ಮನೆ ಇಳಿಸಿ. ಮುಗಿಯಿತು! ಸಾ-ಪ-ಸಾ-ಪ. ತಂತಿಯ ಬಿಗಿ ಹೆಚ್ಚು ಕಮ್ಮಿ ಇದ್ದ ಹಾಗೇ ಇರುತ್ತದೆ. ಎಲ್ಲೋ ಯುರೋಪಿನಲ್ಲಿ ಬೇರೆಯದೇ ಸಂಗೀತಕ್ಕೆ ಮಾಡಿದ ವಾದ್ಯ ನಮ್ಮ ಗಂಡು ದನಿಯ ಖಯಾಲ್‌ಗೆ ಇಷ್ಟು ಹತ್ತಿರ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿಯ ವಿಷಯ. ಕರ್ನಾಟಕ ಸಂಗೀತದಲ್ಲಿ ಎಂ. ಬಾಲಮುರಳೀಕೃಷ್ಣ ಅವರು ವಯೋಲಾ ನುಡಿಸಿದ್ದು ಅಕ್ಕೋರಿಗೆ ಗೊತ್ತಿತ್ತು. ಧೈರ್ಯ ಬಂದದ್ದು ಅಲ್ಲಿಂದ.

ಆದರೆ ಮೊದಲ ತಪ್ಪೂ ಅಲ್ಲೇ ಆಯಿತು. ಆ ವಾದ್ಯದ ಡಬ್ಬಿ ಹದಿನಾರೂವರೆ ಇಂಚು. ಪಿಟೀಲಿನದು ಹದಿನಾಲ್ಕು. ಎರಡೂವರೆ ಇಂಚು ಏನು ಮಹಾ ಅನಿಸಬಹುದು. ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು ನುಡಿಸುವವರನ್ನು ಕೇಳಿ. ಎಡಗೈ ಅಷ್ಟೂ ಮುಂದಕ್ಕೆ ಚಾಚಬೇಕು, ಮಣಿಕಟ್ಟು ಒಳಕ್ಕೆ ಮಡಚಬೇಕು. ಹಾಡಿದ ಹಾಗೇ ನುಡಿಸುವ ಗಾಯಕಿ ಅಂಗದಲ್ಲಿ ಮೀಂಡ್ ತೆಗೆಯಲು ಬೆರಳು ದೂರ ದೂರ ಜಾರಬೇಕು. ಅದೂ ದಪ್ಪ ತಂತಿಯ ಮೇಲೆ. ಅಕ್ಕೋರದ್ದು ಸಣ್ಣ ಕೈ.

ಕೈ ನೋಯತೊಡಗಿತು. ಅವರು ಇದನ್ನು ರಿಯಾಜ್ (ಅಭ್ಯಾಸ) ಕಮ್ಮಿಯಾದದ್ದರ ನೋವು ಅಂದುಕೊಂಡರು. ದಿನಕ್ಕೆ ಮೂರು ತಾಸು ಇದ್ದದ್ದನ್ನು ಐದು ಮಾಡಿದರು. ಎಂಟನೇ ತಿಂಗಳಿಗೆ ಬೆಳಗ್ಗೆ ಎದ್ದರೆ ಹಾಲಿನ ಪಾತ್ರೆ ಎತ್ತಲು ಆಗುತ್ತಿರಲಿಲ್ಲ. ಡಾಕ್ಟರು ಆರು ವಾರ ವಾದ್ಯ ಮುಟ್ಟಬೇಡಿ ಅಂದರು. ಗಣೇಶ ಹಬ್ಬದಿಂದ ದೀಪಾವಳಿ ತನಕ ನಮಗೆಲ್ಲ ಕಾರ್ಯಕ್ರಮ ಇರುವ ಕಾಲ. ಅದರ ಬಹುಪಾಲು ಹೋಯಿತು.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಆ ಆರು ವಾರ. ಕೈ ಸುಮ್ಮನಿದ್ದಾಗ ಅಕ್ಕೋರು ವಯೋಲಾ ಬಗ್ಗೆ ಓದಿದರು. ಪಿಟೀಲಿನ ಹಾಗೆ ಇದಕ್ಕೆ ಒಂದೇ ನಿಗದಿಯ ಅಳತೆ ಇಲ್ಲ ಅಂತ ಆಗ ತಿಳಿಯಿತು. ನಿಜವಾಗಿ ಆ ತಗ್ಗಿನ ಸ್ವರಗಳಿಗೆ ತಕ್ಕ ಡಬ್ಬಿ ಬೇಕೆಂದರೆ ಪಿಟೀಲಿನ ಒಂದೂವರೆ ಪಟ್ಟು, ಅಂದರೆ ಇಪ್ಪತ್ತೊಂದು ಇಂಚು ಆಗಬೇಕು. ಹೆಗಲಿಗೆ ಆನಿಸಿಕೊಂಡು ಅಂಥದ್ದನ್ನು ಯಾರೂ ನುಡಿಸಲಾರರು. ಹಾಗಾಗಿ ಎಲ್ಲ ವಯೋಲಾಗಳೂ ಒಂದು ರಾಜಿಯೇ. ಅದರ ದನಿಯಲ್ಲಿರುವ ಆ ಮಬ್ಬು, ಆ ಮಂಕು ಬಣ್ಣ ಬರುವುದೂ ಈ ರಾಜಿಯಿಂದಲೇ. ಇದು ಗೊತ್ತಾದ ಮೇಲೆ ಸಣ್ಣ ವಯೋಲಾ ಹಿಡಿಯುವುದು ಸೋಲು ಅಂತ ಅವರಿಗೆ ಅನಿಸಲಿಲ್ಲ.

ಹದಿನೈದೂವರೆ ಇಂಚಿನದು ತಂದರು. ಕೆಳಗಿನ ಸಾ ತಂತಿಯ ಗುಂಗು ಸ್ವಲ್ಪ ಕಮ್ಮಿಯಾಯಿತು. ‘ಬೇಜಾರಿಲ್ಲವಾ?’ ಅಂತ ಕೇಳಿದೆ. ‘ದನಿಗೆ ವಾದ್ಯ ಹುಡುಕಿದ್ದೆ, ಈಗ ಕೈಗೆ ಹುಡುಕಿದೆ’ ಅಂದರು. ದೊಡ್ಡ ವಯೋಲಾವನ್ನು ಮಾರಲಿಲ್ಲ. ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟರು.

ಸೋಲೋ ಪ್ರಯತ್ನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2014ರಲ್ಲಿ ನಾಲ್ಕೈದು ಕಡೆ ವಯೋಲಾ ಸೋಲೋ ಕೊಟ್ಟರು. ಪಿಟೀಲಿನಲ್ಲಿ ನುಡಿಸುತ್ತಿದ್ದ ವೇಗದ ದ್ರುತ್ ಗತ್‌ಗಳನ್ನೇ ಇಲ್ಲೂ ನುಡಿಸಿದರು. ದಪ್ಪ ತಂತಿ ಬಾಯಿ ಬಿಡಲು ಹೊತ್ತು ಬೇಕು, ವೇಗವಾಗಿ ಓಡುವ ತಾನ್‌ಗಳು ಒಂದರ ಮೇಲೊಂದು ಬಿದ್ದವು. ಹಾನಗಲ್ ಕಡೆಯ ಒಂದು ಊರಿನಲ್ಲಿ ಒಬ್ಬ ಅಜ್ಜ ಎದ್ದು ಬಂದು, ‘ಅಕ್ಕೋರ, ಇದು ಎತ್ತಿನ ಬಂಡಿ ಐತ್ರಿ. ಟಾಂಗಾ ಹೊಡದಂಗ ಹೊಡೀಬ್ಯಾಡ್ರಿ’ ಅಂದ. ಬೆಂಗಳೂರಿನ ಒಂದು ಪಾಶ್ಚಾತ್ಯ ವಾದ್ಯವೃಂದದಲ್ಲಿ ಜಾಗವಿದೆ ಅಂತ ಯಾರೋ ಹೇಳಿದರು. ಅದಕ್ಕೆ ನೊಟೇಶನ್ ಓದಲು ಬರಬೇಕು, ವಯೋಲಾದ ನೊಟೇಶನ್ನಿನ ಗುರುತು ಪಿಟೀಲಿನದಕ್ಕಿಂತ ಬೇರೆ. ಆರು ತಿಂಗಳು ಕಲಿತರು, ಮನಸ್ಸು ನಿಲ್ಲಲಿಲ್ಲ, ಬಿಟ್ಟರು.

ಒಂದು ಮಳೆಗಾಲದ ಬೈಠಕ್

2015ರ ಜುಲೈ. ಧಾರವಾಡದ ಒಂದು ಮನೆಯ ಪಡಸಾಲೆ. ಮೂವತ್ತು ಜನ ಇರಬಹುದು. ಹೊರಗೆ ಜಿಟಿಜಿಟಿ ಮಳೆ. ಅದೇ ಹಿರಿಯ ಗಾಯಕರು. ಆ ದಿನ ನಾನು ಪೇಟಿಗೆ ಅಲ್ಲ, ಕೇಳಲು ಹೋಗಿದ್ದೆ. ಅಕ್ಕೋರ ಹಿಂದೆಯೇ ಕೂತಿದ್ದೆ.

ಬಿರಡೆಗಳು ಹಟ ಹಿಡಿದಿದ್ದವು. ತಿರುಗಿಸಿದರೆ ನಿಲ್ಲುತ್ತಿರಲಿಲ್ಲ. ಅಕ್ಕೋರು ಚೀಲದಿಂದ ಸೀಮೆಸುಣ್ಣದ ತುಂಡು ತೆಗೆದು, ಬಿರಡೆ ಹೊರಗೆಳೆದು, ಅದರ ಮೈಗೆ ಸುತ್ತಲೂ ಬಳಿದು ಮತ್ತೆ ಒತ್ತಿ ತಿರುಗಿಸಿದರು. ತಂಬೂರಿ ಮೀಟುತ್ತಿದ್ದ ಹುಡುಗಿ ಕಾಯುತ್ತಿದ್ದಳು. ಸಾ ನಿಂತಿತು. ಪಡಸಾಲೆಯ ನೆಲಹಾಸಿನ ಕೆಳಗಿಂದ ಬಂದ ಹಾಗೆ ಆ ಸ್ವರ ಎದ್ದಿತು. ಮುಂದೆ ಕೂತಿದ್ದ ಒಬ್ಬರು ಕಣ್ಣು ಮುಚ್ಚಿದ್ದು ನನಗೆ ನೆನಪಿದೆ.

ಗಾಯಕರು ಮಿಯಾಂ ಮಲ್ಹಾರ್ ಹಿಡಿದರು. ಈ ರಾಗಕ್ಕೆ ಮಂದ್ರ ಸಪ್ತಕದಲ್ಲೇ, ಅಂದರೆ ಕೆಳಗಿನ ಸ್ವರಗಳಲ್ಲೇ, ಅರ್ಧ ಜೀವ. ಎರಡೂ ನಿಷಾದಗಳನ್ನು ತೂಗುತ್ತಾ ಕೆಳಗೆ ಕೆಳಗೆ ಇಳಿಯಬೇಕು. ಇಲ್ಲಿ ಒಂದು ವಿಷಯ ಹೇಳಲೇಬೇಕು. ವಯೋಲಾದ ಎಲ್ಲಕ್ಕಿಂತ ಕೆಳಗಿನ ಬಿಟ್ಟ ತಂತಿಯೇ (ಬೆರಳಿಡದೆ ನುಡಿಸುವ ತಂತಿ) ಈ ಗಾಯಕರ ಮಧ್ಯ ಷಡ್ಜ, ಅಂದರೆ ನಡು ಸಪ್ತಕದ ಸಾ. ಅದಕ್ಕಿಂತ ಕೆಳಗೆ ವಯೋಲಾ ಇಳಿಯುವುದಿಲ್ಲ. ಮೊದಲೆಲ್ಲ ಗಾಯಕರು ಮಂದ್ರಕ್ಕೆ ಹೋದಾಗ ಅಕ್ಕೋರು ಅದೇ ಸ್ವರಗಳನ್ನು ಒಂದು ಸಪ್ತಕ ಮೇಲೆ ನುಡಿಸುತ್ತಿದ್ದರು. ಸಾಥಿ ಆದವರು ಹಿಂಬಾಲಿಸಬೇಕಲ್ವಾ, ಸುಮ್ಮನೆ ಕೂತರೆ ಬರಲಿಲ್ಲ ಅಂತಾರೆ ಅನ್ನುವ ಭಯ.

ಆ ದಿನ ಅವರು ಹಿಂಬಾಲಿಸಲಿಲ್ಲ. ಗಾಯಕರು ಇಳಿಯುತ್ತಿದ್ದ ಹಾಗೆ ಸಾ ತಂತಿಯ ಮೇಲೆ ಕಮಾನು ಇಟ್ಟು, ಕೂದಲೆಳೆಯಷ್ಟು ಹಗುರ ಎಳೆಯುತ್ತಾ ಅಲ್ಲೇ ನಿಂತರು. ಗಾಯಕರು ಕೆಳಗೆ ಹೋಗಿ, ಅಲ್ಲೆಲ್ಲ ಅಡ್ಡಾಡಿ, ಮತ್ತೆ ಮೇಲೆ ಬರುವಾಗ ಆ ಸಾ ಅಲ್ಲೇ ಕಾಯುತ್ತಿತ್ತು. ಎರಡನೇ ಸಲ ಹಾಗೆ ಬಂದು ಸೇರಿದಾಗ ಗಾಯಕರು ತಿರುಗಿ ನೋಡಿದರು. ಮಾತಾಡಲಿಲ್ಲ. ತಮ್ಮ ಕೈಯನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ತಟ್ಟಿದರು. ನಡೆಯುವ ನೆಲ ಅದು ಅಂತ ನಾನು ಅರ್ಥ ಮಾಡಿಕೊಂಡೆ.

ಆ ಬೈಠಕ್ ಆದ ಮೇಲೆ ಇನ್ನಿಬ್ಬರು ಗಾಯಕರು ಅಕ್ಕೋರನ್ನು ಕರೆಯಲು ಶುರು ಮಾಡಿದರು. ಇಬ್ಬರೂ ಗಂಡಸರು, ಇಬ್ಬರದ್ದೂ ತಗ್ಗಿನ ಶ್ರುತಿ. ಈಗ ವರ್ಷಕ್ಕೆ ಇಪ್ಪತ್ತರ ಆಸುಪಾಸು ಕಾರ್ಯಕ್ರಮ. ಇಷ್ಟರಲ್ಲೇ ಮನೆ ನಡೆಯುವುದಿಲ್ಲ. ಆದರೆ ಹೆಸರು ನಿಂತಿತು, ಹೆಸರಿನಿಂದ ಮಕ್ಕಳು ಪಾಠಕ್ಕೆ ಬಂದರು.

ಪಾಠದ ಕತೆ

ಪಾಠದಲ್ಲಿ ಆದ ತಪ್ಪು ವೇದಿಕೆಯದ್ದಕ್ಕಿಂತ ದೊಡ್ಡದು. ಶಿಕ್ಷಕರಾಗಿರುವವರು ಇದನ್ನು ನಿಧಾನವಾಗಿ ಓದಬೇಕು ಅಂತ ನನ್ನ ಆಸೆ.

2016ರಲ್ಲಿ ಅಕ್ಕೋರು ಮನೆಯ ಮುಂದಿನ ಕೋಣೆಯಲ್ಲಿ ಪಾಠ ಶುರು ಮಾಡಿದರು. ತಮಗೆ ಇಷ್ಟು ತಡವಾಗಿ ಸಿಕ್ಕಿದ ವಾದ್ಯ ಮಕ್ಕಳಿಗೆ ಬೇಗ ಸಿಗಲಿ ಅನ್ನುವ ಪ್ರೀತಿ. ಒಂಬತ್ತು, ಹತ್ತು ವರ್ಷದ ಮಕ್ಕಳಿಗೆ ಸಣ್ಣ ಪಿಟೀಲುಗಳಿಗೇ ವಯೋಲಾ ತಂತಿ ಹಾಕಿಸಿ ಕೊಟ್ಟರು. ಶುರುವಿಗೆ ಹದಿನಾಲ್ಕು ಮಕ್ಕಳಿದ್ದರು. ವರ್ಷ ಮುಗಿಯುವಾಗ ಐದು.

ಪೋಷಕರು ಹೇಳಿದ ಕಾರಣ ಪರೀಕ್ಷೆ. ಪರೀಕ್ಷೆಯ ಅರ್ಜಿಯಲ್ಲಿ ವಯೋಲಾ ಅನ್ನುವ ಕಾಲಂ ಇರಲಿಲ್ಲ. ಒಬ್ಬ ಪರೀಕ್ಷಕರು ‘ಇದೇನು, ಪಿಟೀಲಿನ ದನಿ ಯಾಕೆ ಹೀಗೆ ಬರುತ್ತಿದೆ?’ ಅಂತ ಮಗುವನ್ನೇ ಕೇಳಿದರಂತೆ. ಮಗು ಅತ್ತುಕೊಂಡು ಬಂತು. ಅಕ್ಕೋರೂ ಬಹಳ ದಿನ ಪರೀಕ್ಷೆಯನ್ನೇ ದೂರಿದರು.

ನಿಜವಾದ ಕಾರಣ ಉಳಿದ ಐವರಲ್ಲಿ ಒಬ್ಬಳಿಂದ ಗೊತ್ತಾಯಿತು. ಚುರುಕು ಹುಡುಗಿ. ಭೂಪ್ ರಾಗದ ಬಂದಿಶ್ ಚೆನ್ನಾಗಿ ಹಾಡುತ್ತಿದ್ದಳು. ವಾದ್ಯ ಹಿಡಿದರೆ ಮಾತ್ರ ತಡಬಡಿಸುತ್ತಿದ್ದಳು. ಒಂದು ದಿನ ಅಕ್ಕೋರು ‘ಯಾಕವಾ, ಏನಾತು?’ ಅಂದರೆ, ‘ಅಕ್ಕೋರ, ಇದರ ಸಾ ನನ್ನ ಬಾಯಾಗ ಕುಂದ್ರೂದಿಲ್ರೀ’ ಅಂದಳು.

ಅಷ್ಟೇ ಮಾತು. ಅಕ್ಕೋರು ಆ ರಾತ್ರಿ ನನಗೆ ಫೋನ್ ಮಾಡಿದರು. ಹೆಣ್ಣುಮಕ್ಕಳು ಕಾಳಿ ನಾಲ್ಕರ (ಜಿ ಶಾರ್ಪ್) ಸುತ್ತಮುತ್ತ ಹಾಡುತ್ತಾರೆ. ಸಣ್ಣ ಗಂಡು ಹುಡುಗರೂ ಅಷ್ಟೇ. ಪಿಟೀಲಿನ ಜಿ, ಡಿ ತಂತಿಗಳನ್ನು ಒಂದು ಮನೆ ಏರಿಸಿ, ಎ, ಇ ತಂತಿಗಳನ್ನು ಒಂದು ಮನೆ ಇಳಿಸಿದರೆ ಏನಾಗುತ್ತದೆ? ಸರಿಯಾಗಿ ಕಾಳಿ ನಾಲ್ಕರ ಸಾ-ಪ-ಸಾ-ಪ. ವಯೋಲಾ ಗಂಡು ದನಿಗೆ ಎಷ್ಟು ಹತ್ತಿರವೋ, ಪಿಟೀಲು ಮಕ್ಕಳ ದನಿಗೆ ಅಷ್ಟೇ ಹತ್ತಿರ. ಬಾಯಲ್ಲಿ ಬಂದದ್ದು ಬೆರಳಿಗೆ ಬರಬೇಕು ಅಂದಿದ್ದ ಗದಗಿನ ಮಾಸ್ತರ ಮಾತು ಅವರ ಪಾಠದಲ್ಲೇ ಮುರಿದುಹೋಗಿತ್ತು. ಮಗು ಹಾಡುವುದು ಒಂದು ಶ್ರುತಿ, ನುಡಿಸುವುದು ಇನ್ನೊಂದು. ಫೋನಿನಲ್ಲಿ ಅಕ್ಕೋರು ಅತ್ತರು. ‘ನನ್ನ ಕಷ್ಟದ ಔಷಧಿ ತಂದು ಮಕ್ಕಳಿಗೆ ಕುಡಿಸಿದೆ’ ಅಂದರು.

ಮಾರನೇ ವಾರವೇ ಐವರ ವಾದ್ಯಕ್ಕೂ ಪಿಟೀಲಿನ ತಂತಿ ಬಂತು. ಬಿಟ್ಟುಹೋದ ಒಂಬತ್ತು ಮನೆಗಳಿಗೂ ತಾವೇ ಹೋಗಿ ತಮ್ಮದೇ ತಪ್ಪು ಅಂತ ಹೇಳಿ ಬಂದರು. ನಾಲ್ವರು ಮರಳಿ ಬಂದರು. ಹೋಗಬೇಡಿ, ಮರ್ಯಾದೆ ಹೋಗುತ್ತದೆ ಅಂತ ನಾನು ಹೇಳಿದ್ದೆ. ನನ್ನ ಮಾತು ತಪ್ಪಾಗಿತ್ತು. ಆ ಓಣಿಯಲ್ಲಿ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಆ ಮೇಲೆ.

ಈಗ ಅವರ ಕ್ರಮ ಹೀಗಿದೆ. ಮೊದಲು ಆರು ತಿಂಗಳು ಹಾಡು. ಆಮೇಲೆ ಪಿಟೀಲು, ಮಗುವಿನ ಸ್ವಂತ ಶ್ರುತಿಯಲ್ಲಿ. ಗಾಂಧರ್ವ ಮಹಾವಿದ್ಯಾಲಯದ ಮಧ್ಯಮಾ ಪರೀಕ್ಷೆ ಆಗುವ ತನಕ ವಯೋಲಾದ ಮಾತೇ ಇಲ್ಲ. ಆಮೇಲೂ ಸಾಥ್ ಕೊಡುವ ಆಸೆ ಇದ್ದವರಿಗೆ ಮಾತ್ರ. ಅವರಿಗೂ ಮೊದಲು ಕೈ ಅಳತೆ. ಎಡಗೈ ಚಾಚಿಸಿ, ಮಣಿಕಟ್ಟು ಎಷ್ಟು ಮಡಚುತ್ತದೆ ಅಂತ ನೋಡಿ, ಆಮೇಲೆ ವಾದ್ಯದ ಅಳತೆ ಗೊತ್ತು ಮಾಡುತ್ತಾರೆ. ನೋವು ಅಂದರೆ ಆ ದಿನದ ಪಾಠ ಅಲ್ಲಿಗೇ ಬಂದ್. ಹುಡುಗರು ಎಷ್ಟು ಗೋಗರೆದರೂ ಬಿಡುವುದಿಲ್ಲ.

ಈ ಪ್ರಕರಣದಿಂದ ನಾನು ಏನು ತೆಗೆದುಕೊಂಡೆ

ಅಕ್ಕೋರ ಕಷ್ಟಕ್ಕೆ ಕಾರಣ ಪ್ರತಿಭೆ ಕಮ್ಮಿ ಇದ್ದದ್ದಲ್ಲ, ರಿಯಾಜ್ ಕಮ್ಮಿ ಇದ್ದದ್ದೂ ಅಲ್ಲ. ಆದರೆ ಕೈ ನೋವು ಬಂದಾಗ ಅವರು ಮೊದಲು ಮಾಡಿದ್ದು ರಿಯಾಜ್ ಜಾಸ್ತಿ ಮಾಡಿದ್ದು. ನಮ್ಮ ಕಡೆ ಸಂಗೀತದವರಿಗೆಲ್ಲ ಇದೇ ಅಭ್ಯಾಸ. ಏನೇ ಆದರೂ ‘ಇನ್ನಷ್ಟು ಕೂಡ್ರು, ಇನ್ನಷ್ಟು ಬಾರಿಸು’ ಅಂತೇವೆ. ಅವರಿಗೆ ದಾರಿ ಸಿಕ್ಕಿದ್ದು ಅಳತೆ ಮಾಡಿದಾಗ. ತಂತಿ ಎಷ್ಟು ಮನೆ ಇಳಿಯಬೇಕು, ಡಬ್ಬಿ ಎಷ್ಟು ಇಂಚು, ಮಗುವಿನ ಸಾ ಎಲ್ಲಿದೆ. ಈ ಮೂರು ಅಳತೆಗಳನ್ನು ಮೊದಲ ದಿನವೇ ಮಾಡಬಹುದಿತ್ತು. ಅದಕ್ಕೆ ಹಣವೂ ಬೇಕಿರಲಿಲ್ಲ.

ಇನ್ನೊಂದು ವಿಷಯ ಹೇಳಲು ನನಗೆ ಸ್ವಲ್ಪ ಕಷ್ಟ, ಆದರೂ ಹೇಳಬೇಕು. ವಯೋಲಾ ಪೇಟಿಯ ಜಾಗವನ್ನು ಕಿತ್ತುಕೊಳ್ಳಲಿಲ್ಲ. ಪೇಟಿಗೆ ಮೀಂಡ್ ಬರುವುದಿಲ್ಲ. ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಾನು ಮೆಟ್ಟಿಲು ಹತ್ತುತ್ತೇನೆ, ಅಕ್ಕೋರು ಜೊತೆಗೇ ಜಾರುತ್ತಾರೆ. ಕೆಲವು ಕಾರ್ಯಕ್ರಮಗಳಲ್ಲಿ ಈಗ ಇಬ್ಬರೂ ಇರುತ್ತೇವೆ. ನಿಧಾನದ ವಿಲಂಬಿತ್‌ನಲ್ಲಿ ನಾನು ಕೈ ತಡೆದು ಕಮ್ಮಿ ನುಡಿಸುತ್ತೇನೆ, ದ್ರುತ್ ಬಂದಾಗ ಅವರು ಕಮ್ಮಿ ನುಡಿಸುತ್ತಾರೆ. ಇಬ್ಬರೂ ಕೂತು ಹೀಗೆ ಮಾತಾಡಿಕೊಳ್ಳಲು ಹತ್ತು ವರ್ಷ ಬೇಕಾಯಿತು. ತಡ ಮಾಡಿದವನು ನಾನು.

ಈಗ

ಪಾಠಕ್ಕೆ ಈಗ ಇಪ್ಪತ್ತೆರಡು ಮಕ್ಕಳಿದ್ದಾರೆ. ವಯೋಲಾ ಹಿಡಿದವರು ಇಬ್ಬರೇ. ಅವರಲ್ಲಿ ಒಬ್ಬ ನವಲಗುಂದ ಕಡೆಯ ಹುಡುಗ. ಎತ್ತರದವನು, ಬೆರಳುಗಳು ಉದ್ದ. ಅವನ ಕೈ ಅಳೆದ ದಿನ ಅಕ್ಕೋರು ಮಾತಾಡದೆ ಎದ್ದು, ಸ್ಟೂಲ್ ಇಟ್ಟುಕೊಂಡು ಅಟ್ಟದಿಂದ ಆ ಹದಿನಾರೂವರೆ ಇಂಚಿನ ವಯೋಲಾ ಇಳಿಸಿದರು. ಹಳೇ ರಾಳದ ಪುಡಿ ತಂತಿಗಳ ಕೆಳಗೆ ಗಟ್ಟಿಯಾಗಿ ಅಂಟಿತ್ತು. ಒಂದು ಮಧ್ಯಾಹ್ನ ಪೂರ್ತಿ ಒಣಬಟ್ಟೆಯಿಂದ ಉಜ್ಜಿದರು.

ಹೋದ ತಿಂಗಳು ಆ ಹುಡುಗ ಮೊದಲ ಸಲ ಒಬ್ಬ ಗಾಯಕರಿಗೆ ಸಾಥ್ ಕೊಡಲು ಹುಬ್ಬಳ್ಳಿಗೆ ಹೊರಟಿದ್ದ. ನಾನೂ ಅದೇ ಕಾರ್ಯಕ್ರಮಕ್ಕೆ ಹೋಗುವವನಿದ್ದೆ. ಚಿಗರಿ ಬಸ್ಸಿನ ಸ್ಟಾಪಿನ ತನಕ ಅಕ್ಕೋರು ಬಂದರು. ಹುಡುಗನ ಚೀಲದ ಜಿಪ್ ತೆಗೆದು ಸೀಮೆಸುಣ್ಣ ಇದೆಯಾ ಅಂತ ನೋಡಿದರು. ಇತ್ತು. ಬಸ್ಸು ಬಂತು, ಬಾಗಿಲು ತೆರೆಯಿತು.

‘ತಮ್ಮಾ, ಅವರು ಮಂದ್ರಕ್ಕ ಹೋದಾಗ...’ ಅಂದರು.

‘ಸಾ ಹಿಡಕೊಂಡು ಕುಂದ್ರತೇನ್ರಿ ಅಕ್ಕೋರ’ ಅಂದ ಹುಡುಗ, ವಯೋಲಾವನ್ನು ಎದೆಗೆ ಅವಚಿಕೊಂಡು ಒಳಗೆ ಹತ್ತುತ್ತಾ.